ಹ್ಯಾಮ್ ರೇಡಿಯೋ ಲೈಸೆನ್ಸ್: ನಮ್ಮ ದೇಶದಾಗ ಮೆಟ್ಲು ಎರಡೇ, ಮೂರಲ್ಲ

ಹೋದ ತಿಂಗಳು ನಮ್ಮ ಅಕ್ಕನ ಮಗ ಅಂಗಡಿಗಿ ಬಂದಿದ್ದ, ಡಿಪ್ಲೊಮಾ ಎರಡ್ನೇ ವರ್ಷ ಓದ್ತಾನ, ಕೈಯಾಗೊಂದು ಡಬ್ಬಿ. ಬಿಚ್ಚಿ ನೋಡಿದ್ರ ಒಳಗ ಚೀನಾದ ಹ್ಯಾಂಡ್‌ಸೆಟ್, ಐದು ವ್ಯಾಟಿಂದು, ಆನ್‌ಲೈನಾಗ ತರಿಸ್ಯಾನ. "ಮಾಮಾ, ಟೆಕ್ನೀಷಿಯನ್ ಲೈಸೆನ್ಸ್ ಎಲ್ಲಿ ಕೊಡ್ತಾರ? ಅದೊಂದು ತಗೊಂಡ್ರ ಇದ್ರಾಗ ಮಾತಾಡ್ಬಹುದಂತ" ಅಂದ. ನಾ ಮೊದಲು ಮಾಡಿದ ಕೆಲಸ ಅಂದ್ರ ಅದರ ಬ್ಯಾಟರಿ ತೆಗೆದು ಗಲ್ಲಾದಾಗ ಹಾಕಿ ಕೀಲಿ ಹಾಕಿದ್ದು. ಅವನ ಮಾರಿ ಸಣ್ಣದಾಯ್ತು. ಆದ್ರ ಏನ್ ಮಾಡ್ಲಿ, ಲೈಸೆನ್ಸ್ ಇಲ್ಲದ ಆ ಗುಂಡಿ ಒತ್ತಿದ್ರ ಅದು ಹುಡುಗಾಟ ಅಲ್ಲ, ಕಾನೂನು ಪ್ರಕಾರ ತಪ್ಪು.

ಇವನೊಬ್ನೇ ಅಲ್ಲ, ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಮ್ಮ ರಿಪೇರಿ ಅಂಗಡಿಗಿ ಬರೋ ಎಷ್ಟೋ ಹುಡುಗ್ರು ಇದೇ ಕೇಳ್ತಾರ, ಟೆಕ್ನೀಷಿಯನ್ ಅಂತಾರ, ಎಕ್ಸ್‌ಟ್ರಾ ಅಂತಾರ, ಎಲ್ಲಾ ಯೂಟ್ಯೂಬಿನ ಮಾತು. ಅದಕ್ಕ ಹ್ಯಾಮ್ ರೇಡಿಯೋ, ಅಂದ್ರ ಹವ್ಯಾಸಕ್ಕ ಮಾತಾಡೋ ರೇಡಿಯೋ, ಅದರ ಲೈಸೆನ್ಸ್ ಬಗ್ಗೆ ಒಮ್ಮೆ ಕುಂತು ಬರದೇ ಬಿಡೋಣ ಅಂತ.

ಟೆಕ್ನೀಷಿಯನ್, ಜನರಲ್, ಅಮೆಚೂರ್ ಎಕ್ಸ್‌ಟ್ರಾ, ಈ ಮೂರು ಮೆಟ್ಲು ಅಮೆರಿಕಾದ್ದು. ಅಲ್ಲಿ ಮೊದಲ್ನೇ ಎರಡಕ್ಕ 35 ಪ್ರಶ್ನಿ, 26 ಸರಿ ಬರದ್ರ ಪಾಸು, ಎಕ್ಸ್‌ಟ್ರಾಕ್ಕ 50 ಪ್ರಶ್ನಿ, 37 ಬೇಕು. ಮೋರ್ಸ್ ಕೋಡ್, ಅಂದ್ರ ಸಣ್ಣ ದನಿ ಉದ್ದ ದನಿ ಕೂಡಿಸಿ ಅಕ್ಷರ ಕಳಸೋ ಪದ್ಧತಿ, ಅದರ ಪರೀಕ್ಷಿ ಅಲ್ಲಿ 2007ರಾಗೇ ತೆಗದು ಹಾಕ್ಯಾರ. ಇಂಗ್ಲೆಂಡಿನಾಗ ಫೌಂಡೇಶನ್, ಇಂಟರ್‌ಮೀಡಿಯೆಟ್, ಫುಲ್ ಅಂತ ಮೂರು ಬ್ಯಾರೇನೇ ಅವ. ನಮ್ಮ ದೇಶದಾಗ ಇರೋದು ಎರಡೇ ಗ್ರೇಡು, ರಿಸ್ಟ್ರಿಕ್ಟೆಡ್ ಮತ್ತ ಜನರಲ್. ಇಲ್ಲೊಂದು ಗೊಂದಲ ಅದ ನೋಡ್ರಿ, ಜನರಲ್ ಅನ್ನೋ ಹೆಸರು ಎರಡೂ ಕಡೆ ಬರ್ತದ, ಅಮೆರಿಕಾದಾಗ ಅದು ನಡುವಿನ ಮೆಟ್ಲು, ನಮ್ಮಲ್ಲಿ ಅದೇ ತುದಿ, ಅದರ ಮ್ಯಾಲ ಏನಿಲ್ಲ. ಅಮೆರಿಕಾದ ಆ್ಯಪಿನಾಗ ಪ್ರಶ್ನಿ ಬಾಯಿಪಾಠ ಮಾಡ್ಕೊಂಡು ನಮ್ಮ ಪರೀಕ್ಷಿಗಿ ಹೋದ್ರ ಥಿಯರಿ ಅರ್ಧ ಉಪಯೋಗ ಆಗ್ತದ, ಕಾಯ್ದೆ ಭಾಗದಾಗ ಮಾತ್ರ ಪೂರಾ ಮುಳುಗಿದಂಗ, ಯಾಕಂದ್ರ ಅವರ ಬ್ಯಾಂಡು, ಅಂದ್ರ ಮಾತಾಡ್ಲಿಕ್ಕ ಬಿಟ್ಟ ಫ್ರೀಕ್ವೆನ್ಸಿ ತುಂಡು, ಬ್ಯಾರೆ, ನಮ್ಮ ಬ್ಯಾಂಡು ಬ್ಯಾರೆ, ಅವರ ಪವರ್ ಬ್ಯಾರೆ ನಮ್ಮ ಪವರ್ ಬ್ಯಾರೆ.

ಇನ್ನೊಂದು ಹಳೇ ಗೊಂದಲ ನಮ್ಮವೇ ಪುಸ್ತಕದಿಂದ ಬರ್ತದ. 1978ರ ಅಮೆಚೂರ್ ಸರ್ವಿಸ್ ನಿಯಮದಾಗ ಗ್ರೇಡ್ 2 ರಿಸ್ಟ್ರಿಕ್ಟೆಡ್, ಗ್ರೇಡ್ 2, ಗ್ರೇಡ್ 1, ಅಡ್ವಾನ್ಸ್ಡ್ ಅಂತ ಸಾಲಾಗಿ ಇದ್ದು. ಆಮ್ಯಾಲ ಅದನ್ನ ಸುಲಭ ಮಾಡಿ ಎರಡಕ್ಕ ಇಳಿಸ್ಯಾರ. ಹಳೇ ಪಿಡಿಎಫ್ ಇನ್ನೂ ವಾಟ್ಸಾಪಿನಾಗ ತಿರಗ್ತಾನೇ ಅವ, ಗ್ರೇಡ್ 1 ಅಂತ ಕಂಡ್ರ ಅದು ಹಳೇ ಕಾಲದ್ದು ಅಂತ ತಿಳ್ಕೊಂಡು ಮುಚ್ಚಿಡ್ರಿ.

ಲೈಸೆನ್ಸ್ ಕೊಡೋರು ಯಾರು ಅಂದ್ರ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆದಾಗಿನ ಡಬ್ಲ್ಯೂಪಿಸಿ ವಿಂಗ್, ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಶನ್. ಗಾಳಿಯಾಗಿನ ಯಾವ ಫ್ರೀಕ್ವೆನ್ಸಿ ಯಾರಿಗಿ ಅಂತ ಪಾಲು ಹಂಚೋರು ಇವರೇ, ಹೊಲದ ಪಹಣಿ ಇದ್ದಂಗ ಇವರ ಹತ್ರ ಗಾಳಿದು ಪಹಣಿ ಅದ ಅನ್ಕೋರಿ. ಪೊಲೀಸರದು ಒಂದು ಪಟ್ಟಿ, ವಿಮಾನದವರದು ಒಂದು, ಮೊಬೈಲ್ ಕಂಪನಿಯವರು ಕೋಟಿಗಟ್ಟಲೇ ಕೊಟ್ಟು ಹರಾಜಿನಾಗ ತಗೊಂಡಿದ್ದು ಒಂದು, ನಡಬರಕ ಹವ್ಯಾಸಿಗಳಿಗಿ ಅಂತ ಅಲ್ಲಲ್ಲಿ ಸಣ್ಣ ಸಣ್ಣ ತುಂಡು ಬಿಟ್ಟಾರ. ಆ ತುಂಡಿನಾಗ ದುಡ್ಡು ಗಳಿಸೋ ಉದ್ದೇಶ ಇಲ್ಲದ, ಕಲಿಲಿಕ್ಕ, ಪ್ರಯೋಗ ಮಾಡ್ಲಿಕ್ಕ ಮಾತಾಡ್ರಿ ಅಂತ ಕೊಡೋ ಪರವಾನಗಿನೇ ಹ್ಯಾಮ್ ಲೈಸೆನ್ಸ್.

ಲೈಸೆನ್ಸ್ ಬ್ಯಾಡ ಅನ್ನೋ ಸೆಟ್ಟೂ ಇರ್ತಾವ, ಅದನ್ನೂ ಹೇಳಿಬಿಡ್ತೀನಿ. 446.0ರಿಂದ 446.2 ಮೆಗಾಹರ್ಟ್ಜ್ ತನಕ ಕಡಿಮಿ ಪವರಿನ ಸೆಟ್ಟಿಗಿ 2018ರ ನಿಯಮದಾಗ ವಿನಾಯಿತಿ ಅದ, 27 ಮೆಗಾಹರ್ಟ್ಜ್ ಹತ್ರಾನೂ ಒಂದು ಸಿಟಿಜನ್ ಬ್ಯಾಂಡ್ ಅದ. ಮದಿವಿ ಮಂಟಪದಾಗ, ಜಾತ್ರ್ಯಾಗ ವಾಲಂಟಿಯರ್‌ಗಳಿಗಿ ಅಂಥದ್ದು ಸಾಕು. ಆದ್ರ ಆನ್‌ಲೈನಾಗ ಸಿಗೋ ಅಗ್ಗದ ಸೆಟ್ಟು ಹಂಗಲ್ಲ, ಅವು ಎಲ್ಲಿ ಬೇಕಲ್ಲಿ ಟ್ಯೂನ್ ಆಗ್ತಾವ, ಪೊಲೀಸರ ಚಾನಲಿನ ಮ್ಯಾಲೂ ಹೋಗಿ ಕೂಡ್ತಾವ. 2025ರಾಗ ಗ್ರಾಹಕ ರಕ್ಷಣಾ ಪ್ರಾಧಿಕಾರದವರು ಇಂಥ ವಾಕಿಟಾಕಿ ಮಾರೋ ಆನ್‌ಲೈನ್ ಮಂದಿಗಿ ನೋಟಿಸ್ ಕೊಟ್ಟಿದ್ದು ಇದಕ್ಕೇ. ಮಾರಾಟಕ್ಕ ಇಟ್ಟಾರ ಅಂದ ಮಾತ್ರಕ್ಕ ವಾಪರ್ಸ್ಲಿಕ್ಕ ಪರವಾನಗಿ ಅದ ಅಂತ ಅರ್ಥ ಅಲ್ಲ, ಇದು ನಮ್ಮ ಹುಡುಗ್ರ ತಲ್ಯಾಗ ಹೋಗಂಗೇ ಇಲ್ಲ.

ಈಗ ಎರಡು ಗ್ರೇಡಿನ ಲೆಕ್ಕಕ್ಕ ಬರೋಣ. 12 ವರ್ಷ ತುಂಬಿದ್ರ ಸಾಕು, ಎರಡಕ್ಕೂ ಕೂಡ್ಬಹುದು. ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ಡಿಗ್ರಿ ಇರ್ಬೇಕು ಅಂತ ಏನಿಲ್ಲ. ರಿಸ್ಟ್ರಿಕ್ಟೆಡ್‌ಗಿ ಬರೇ ಬರವಣಿಗಿ ಪರೀಕ್ಷಿ, ಅದ್ರಾಗ ಎರಡು ಭಾಗ, ಒಂದು ರೇಡಿಯೋ ಥಿಯರಿ, ಇನ್ನೊಂದು ಕಾಯ್ದೆ ಕಾನೂನು. ಒಂದೊಂದು ಭಾಗದಾಗೂ ಕನಿಷ್ಠ 40 ಪರ್ಸೆಂಟ್ ಬರ್ಬೇಕು, ಎರಡರದ್ದೂ ಒಟ್ಟು ಲೆಕ್ಕ 50 ಪರ್ಸೆಂಟ್ ಆಗ್ಬೇಕು. ಇಲ್ಲಿ 40, ಅಲ್ಲಿ 40 ತಗೊಂಡು ಪಾಸಾದೆ ಅಂತ ಕುಣೀಬ್ಯಾಡ್ರಿ, ಒಟ್ಟು ಲೆಕ್ಕನೂ 40 ಪರ್ಸೆಂಟೇ ಆಗ್ತದ, 50 ಆಗಲ್ಲ. ಜನರಲ್‌ಗಿ ಒಂದೊಂದ್ರಾಗ 50, ಒಟ್ಟು 55, ಜೊತಿಗಿ ಮೋರ್ಸ್ ಕೋಡ್, ನಿಮಿಷಕ್ಕ 8 ಪದದ ವೇಗದಾಗ ಕೇಳಿ ಬರೀಬೇಕು, ಕೀ ಒತ್ತಿ ಕಳಸ್ಲಿಕ್ಕೂ ಬರ್ಬೇಕು. ರಿಸ್ಟ್ರಿಕ್ಟೆಡ್ ಮಂದಿ ಕಾಲ್‌ಸೈನ್, ಅಂದ್ರ ಗಾಳಿಯಾಗ ಹೇಳೋ ಗುರ್ತಿನ ನಂಬರ್, ವಿಯು3 ಅಂತ ಚಾಲೂ ಆಗ್ತದ, ಜನರಲ್ ಮಂದಿದು ವಿಯು2. ವಿಯು ಅನ್ನೋದು ನಮ್ಮ ದೇಶದ ಗುರ್ತು, ಗಾಡಿಗಿ ಕೆಎ ಇದ್ದಂಗ. ಕೆಎ 32 ಅಂದ್ರ ಕಲಬುರಗಿ ಅಂತ ಗೊತ್ತಾಗ್ತದಲ್ಲ, ಹಂಗ ವಿಯು ಅಂದ್ರ ಇಂಡಿಯಾ ಅಂತ ಜಪಾನಿನವನಿಗೂ ಗೊತ್ತಾಗ್ತದ. ರಾಜೀವ್ ಗಾಂಧಿಯವರೂ ಹ್ಯಾಮೇ, ಅವರದು ವಿಯು2ಆರ್‌ಜಿ. ನಂದು ಇಲ್ಲಿ ಬರಿಯಂಗಿಲ್ಲ, ಕಾಲ್‌ಸೈನ್ ಹಾಕಿ ಹುಡುಕಿದ್ರ ಮನಿ ಅಡ್ರೆಸ್ಸೇ ಸಿಕ್ಬಿಡ್ತದ.

ಪವರಿನಾಗ ಫರಕ್ ಏನಂದ್ರ ರಿಸ್ಟ್ರಿಕ್ಟೆಡ್‌ಗಿ 50 ವ್ಯಾಟ್ ಮಿತಿ, ಜನರಲ್‌ಗಿ 400 ವ್ಯಾಟ್. ಇದನ್ನ ಕೇಳಿದ ಕೂಡ್ಲೇ ಎಲ್ಲಾರೂ ಮಾರಿ ಒಣಗಿಸ್ತಾರ, ಎಂಟು ಪಟ್ಟು ಕಮ್ಮಿ ಆಯ್ತಲ್ಲ ಅಂತ. ಇಲ್ಲಿ ಜರಾ ಲೆಕ್ಕ ಮಾಡ್ರಿ. ರೇಡಿಯೋದಾಗ ಪವರ್ ಎಂಟು ಪಟ್ಟು ಆದ್ರ ಸಿಗ್ನಲ್ ಏರೋದು 9 ಡೆಸಿಬಲ್. ಕೇಳೋನ ಸೆಟ್ಟಿನ ಮೀಟರಿನಾಗ ಒಂದು ಎಸ್ ಯೂನಿಟ್ ಅಂದ್ರ 6 ಡೆಸಿಬಲ್. ಅಂದ್ರ 50 ವ್ಯಾಟಿನವನಿಗೂ 400 ವ್ಯಾಟಿನವನಿಗೂ ನಡುವ ಫರಕ್ ಬರೇ ಒಂದೂವರಿ ಎಸ್ ಯೂನಿಟ್, ಮುಳ್ಳು ಒಂದೂವರಿ ಗೀಟು ಆಕಡಿ ಹೋಗ್ತದ ಅಷ್ಟೇ. ಅದೇ ನೀವು ಆಂಟೆನಾ ಎರಡು ಆಳಷ್ಟು ಮ್ಯಾಲ ಏರಿಸಿದ್ರ, ಕೇಬಲ್ ಒಳ್ಳೇದು ಹಾಕಿದ್ರ, ಇದಕ್ಕಿಂತ ಜಾಸ್ತಿ ಸಿಗಬಹುದು. 400 ವ್ಯಾಟಿನ ಸೆಟ್ಟು ಕೊಳ್ಳೋ ದುಡ್ಡಿನಾಗ ಒಂದು ಒಳ್ಳೇ ಎಮ್ಮಿ ಬರ್ತದ. ನನ್ನ ಅಭಿಪ್ರಾಯ ಖಡಕ್ ಹೇಳ್ತೀನಿ, ಮೊದಲು ರಿಸ್ಟ್ರಿಕ್ಟೆಡ್ ತಗೋರಿ, ಮಾತಾಡ್ಲಿಕ್ಕ ಚಾಲೂ ಮಾಡ್ರಿ, ಜನರಲ್ ಆಮ್ಯಾಲ ನೋಡ್ಕೋಬಹುದು. ಮೋರ್ಸ್ ಬರೋ ತನಕ ಕಾಯ್ತೀನಿ ಅಂತ ಕುಂತವರು ಎಷ್ಟೋ ಮಂದಿ ಅಲ್ಲೇ ಕುಂತಾರ. ಮ್ಯಾಲಾಗಿ ಈಗ ರಿಸ್ಟ್ರಿಕ್ಟೆಡ್‌ನಾಗೂ ದೂರ ಹೋಗೋ ಹೆಚ್‌ಎಫ್, ಅಂದ್ರ ಹೈ ಫ್ರೀಕ್ವೆನ್ಸಿ, 3ರಿಂದ 30 ಮೆಗಾಹರ್ಟ್ಜ್ ನಡುವಿನ ಬ್ಯಾಂಡ್ ಕೊಟ್ಟಾರ, ಹಳೇ ಕಾಲದಂಗ ಊರೊಳಗೇ ತಿರಗ್ರಿ ಅಂತ ಕಟ್ಟಿ ಹಾಕಿಲ್ಲ.

ಈ ಹೆಚ್‌ಎಫ್ ಅಂದ್ರ ಏನು, ಅದ್ಯಾಕ ದೊಡ್ಡ ವಿಷಯ ಅನ್ನೋದು ತಿಳಿದ್ರನೇ ಥಿಯರಿ ಪರೀಕ್ಷಿ ಅರ್ಧ ಮುಗಿದಂಗ. ನಮ್ಮ ಹುಡುಗನ ಕೈಯಾಗಿದ್ದ ಹ್ಯಾಂಡ್‌ಸೆಟ್ಟು ಓಡೋದು 144ರಿಂದ 146 ಮತ್ತ 434ರಿಂದ 438 ಮೆಗಾಹರ್ಟ್ಜಿನಾಗ. ಈ ತರಂಗ ಹೆಚ್ಚೂಕಮ್ಮಿ ಬೆಳಕಿನಂಗ ನೆಟ್ಟಗ ಹೋಗ್ತಾವ, ಭೂಮಿ ದುಂಡಗ ಅದ ಅಲ್ರೀ, ಸ್ವಲ್ಪ ದೂರ ಹೋದ ಮ್ಯಾಲ ನೆಲ ಕೆಳಗ ಬಾಗ್ತದ ತರಂಗ ಮ್ಯಾಲಿಂದ ಹಾಯ್ದು ಆಕಾಶಕ್ಕ ಹೋಗಿಬಿಡ್ತದ. ಹತ್ತು ಮೀಟರ್ ಎತ್ತರ, ಅಂದ್ರ ಎರಡಂತಸ್ತಿನ ಮನಿ ಮಾಳಗಿ ಮ್ಯಾಲ ಆಂಟೆನಾ ಇಟ್ರ ರೇಡಿಯೋ ದಿಗಂತ ಸುಮಾರು 13 ಕಿಲೋಮೀಟರ್. ಆ ಕಡೆಯವನದ್ದೂ ಅಷ್ಟೇ ಎತ್ತರ ಇದ್ರ ಕೂಡಿ 26. ನಮ್ಮದು ಸಪಾಟ್ ಎರಿ ನೆಲ, ಗುಡ್ಡದ ಕಾಟ ಇಲ್ಲ, ಹಂಗಾಗಿ ಲೆಕ್ಕ ಬರೋಬ್ಬರಿ ಹೊಂದ್ತದ. ಶಹಾಬಾದ್ ಸಿಗಬಹುದು, ಬೀದರ್ ಸಿಗಂಗಿಲ್ಲ, ಬೀದರ್ ಎತ್ತರದ ಮ್ಯಾಲ ಇದ್ರೂ ನೂರು ಕಿಲೋಮೀಟರ್ ದಾಟಿದ ದಾರಿ ಅದು, ನಡುವ ದನಿ ಹಿಡದು ಮುಂದ ದಾಟಿಸೋ ರಿಪೀಟರ್ ಇಲ್ಲಂದ್ರ ಕಷ್ಟ.

ಅದೇ 7 ಮೆಗಾಹರ್ಟ್ಜಿಗಿ, ಅಂದ್ರ ಹ್ಯಾಮ್ ಮಂದಿ 40 ಮೀಟರ್ ಬ್ಯಾಂಡ್ ಅಂತಾರಲ್ಲ ಅಲ್ಲಿಗಿ ಬರ್ರಿ, ಆಟಾನೇ ಬ್ಯಾರೆ. ನೆಲದಿಂದ ನೂರಾರು ಕಿಲೋಮೀಟರ್ ಮ್ಯಾಲ ಸೂರ್ಯನ ಬಿಸಿಲಿಗಿ ಗಾಳಿ ಒಡದು ವಿದ್ಯುತ್ ತುಂಬಿಕೊಂಡ ಪದರು ಇರ್ತಾವ, ಅಯಾನುಗೋಳ ಅಂತಾರ. ಆಂಟೆನಾ ತಗ್ಗಿನಾಗ ಕಟ್ಟಿ ತರಂಗ ನೆಟ್ಟಗ ಮ್ಯಾಲಕ್ಕ ಬಿಟ್ರ ಅದು ಆ ಪದರಿಗಿ ಬಡದು ಛತ್ರಿ ಬಿಚ್ಚಿದಂಗ ಸುತ್ತಲೂ ಕೆಳಗ ಬೀಳ್ತದ, ತೊಗರಿ ತೂರುವಾಗ ಕಾಳು ಸುತ್ತ ಬೀಳ್ತಾವಲ್ಲ ಹಂಗ. ಹಗಲಿನ್ಯಾಗ ಬೀದರ್, ಯಾದಗಿರಿ, ರಾಯಚೂರು, ಹೈದರಾಬಾದ್ ಎಲ್ಲಾ ಒಂದೇ ಛತ್ರಿ ಕೆಳಗ. ಇನ್ನ 14 ಮೆಗಾಹರ್ಟ್ಜಿಗಿ ಹೋದ್ರ ತರಂಗ ಓರೆಯಾಗಿ ಹೋಗಿ ಸಾವಿರಾರು ಕಿಲೋಮೀಟರ್ ಆಚಿ ಇಳೀತದ, ಪಕ್ಕದ ಜಿಲ್ಲಾದವನಿಗಿ ಕೇಳಂಗಿಲ್ಲ, ಇಟಲಿದವನಿಗಿ ಕೇಳ್ತದ. ರಾತ್ರಿ ಮಾತ್ರ ಲೆಕ್ಕ ಬದಲಾಗ್ತದ, ಕೆಳಗಿನ ಒಂದು ಪದರು ಕತ್ತಲಾದ ಮ್ಯಾಲ ಕರಗಿ ಹೋಗ್ತದ, ಹಗಲಿಡೀ ಸಿಗ್ನಲ್ ನುಂಗ್ತಿದ್ದದ್ದು ಅದೇ. ಹಳೇ ಮೀಡಿಯಂ ವೇವ್ ರೇಡಿಯೋದಾಗ ರಾತ್ರಿ ಊಟ ಆದ ಮ್ಯಾಲ ನಮ್ಮ ಆಕಾಶವಾಣಿ ಸ್ಟೇಷನ್ ಹತ್ರ ಯಾವ್ಯಾವುದೋ ಭಾಷಾ ಬಂದು ಬಡಿತಿದ್ವಲ್ಲ, ನಮ್ಮಪ್ಪ ರೇಡಿಯೋ ಕೆಟ್ಟದ ಅಂತ ಬೆನ್ನಿಗಿ ಹೊಡಿತಿದ್ದ, ರೇಡಿಯೋ ಕೆಟ್ಟಿರ್ಲಿಲ್ಲ.

ಥಿಯರಿ ಸಿಲಬಸ್ ನೋಡಿ ಹೆದರಬ್ಯಾಡ್ರಿ. ಪಿಯುಸಿ ಸೈನ್ಸ್ ಫಿಸಿಕ್ಸಿನಾಗಿಂದು, ಐಟಿಐ ಎಲೆಕ್ಟ್ರಾನಿಕ್ಸಿನಾಗಿಂದು ಮುಕ್ಕಾಲು ಪಾಲು. ಓಮನ ನಿಯಮ, 12 ವೋಲ್ಟಿಗಿ 10 ಓಮ್ ಹಾಕಿದ್ರ ಎಷ್ಟು ಕರೆಂಟು, ಕಂದು ಕಪ್ಪು ಕೆಂಪು ಪಟ್ಟಿ ಇದ್ರ ರೆಸಿಸ್ಟರ್ ಎಷ್ಟು ಅಂದ್ರ ಸಾವಿರ ಓಮ್, ಕೆಪ್ಯಾಸಿಟರ್ ಡಿಸಿ ತಡೀತದ ಎಸಿ ಬಿಡ್ತದ, ಡಯೋಡ್, ಟ್ರಾನ್ಸಿಸ್ಟರ್, ಎಎಂ ಎಫ್‌ಎಂ ಎಸ್‌ಎಸ್‌ಬಿ ಅಂದ್ರೇನು, ಹಿಂಗ. ಒಂದು ಸೂತ್ರ ಮಾತ್ರ ಎದಿ ಮ್ಯಾಲ ಬರ್ಕೋರಿ, 300 ಅನ್ನ ಮೆಗಾಹರ್ಟ್ಜಿನಿಂದ ಭಾಗಿಸಿದ್ರ ತರಂಗದ ಉದ್ದ ಮೀಟರಿನಾಗ ಬರ್ತದ. ಡೈಪೋಲ್ ಆಂಟೆನಾ ಕಟ್ಟಬೇಕಂದ್ರ 143 ಅನ್ನ ಮೆಗಾಹರ್ಟ್ಜಿನಿಂದ ಭಾಗಿಸ್ರಿ. 7.1ಕ್ಕ ಮಾಡ್ರಿ, 20 ಮೀಟರ್ ಚಿಲ್ಲರೆ ಬರ್ತದ, ಅಂದ್ರ ನಡುವಿಗಿ ಕೇಬಲ್ ಕೊಟ್ಟು ಆ ಕಡೆ ಹತ್ತು ಈ ಕಡೆ ಹತ್ತು ಮೀಟರ್ ವೈರು. ನಾನು ನಮ್ಮ ಮಾಳಗಿ ಮ್ಯಾಲ ಕಟ್ಟಿದ್ದು ಬರೇ ಮನಿ ವೈರಿಂಗಿನ ತಾಮ್ರದ ವೈರು, ಎರಡು ಬಿದಿರು, ನಮ್ಮಾಕಿ ಅದಕ್ಕ ಸೀರಿ ಒಣಗ್ಲಿಕ್ಕ ಹಾಕಿದ ದಿವಸ ಸಿಗ್ನಲ್ಲೇ ಬರ್ಲಿಲ್ಲ, ಅದು ಬ್ಯಾರೆ ಕಥಿ.

ಕಾಯ್ದೆ ಭಾಗ ಓದ್ಲಿಕ್ಕ ಬೇಜಾರು, ಅಂಕ ಬರೋದು ಮಾತ್ರ ಇಲ್ಲೇ. ಯಾವ ಬ್ಯಾಂಡು ನಮಗದ ಯಾವುದು ಇಲ್ಲ, ನಾವು ಐಟಿಯು, ಅಂದ್ರ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೀಜನ್ 3ರಾಗ ಬರ್ತೀವಿ, ಕಾಲ್‌ಸೈನಿನ ಗುರ್ತು ಶ್ರೀಲಂಕಾದ್ದು 4ಎಸ್, ನೇಪಾಳದ್ದು 9ಎನ್, ಪಾಕಿಸ್ತಾನದ್ದು ಎಪಿ, ಜಪಾನಿಂದು ಜೆಎ, ಇಂಥವು. ಕ್ಯೂ ಕೋಡ್ ಅಂತ ಮೂರಕ್ಷರದ ಚುಟುಕು ಮಾತು ಇರ್ತಾವ, ಕ್ಯೂಟಿಹೆಚ್ ಅಂದ್ರ ನಿಮ್ಮ ಊರು ಯಾವುದು, ಕ್ಯೂಎಸ್‌ಬಿ ಅಂದ್ರ ದನಿ ಏರಿಳಿತ ಆಗ್ಲಿಕ್ಹತ್ಯದ, ಕ್ಯೂಆರ್‌ಎಂ ಅಂದ್ರ ಬ್ಯಾರೆ ಸ್ಟೇಷನ್ ಕಾಟ, ಕ್ಯೂಆರ್‌ಎನ್ ಅಂದ್ರ ಸಿಡಿಲು ಗಿಡಿಲು ಸ್ವಾಭಾವಿಕ ಗದ್ಲ. ಕಡೀ ಎರಡನ್ನ ನಮ್ಮ ಹುಡುಗ ಪ್ರತಿ ಸಲ ಅದಲು ಬದಲು ಮಾಡ್ತಿದ್ದ, ಎಂ ಅಂದ್ರ ಮನುಷ್ಯಾರು, ಎನ್ ಅಂದ್ರ ನಿಸರ್ಗ ಅಂತ ಹೇಳ್ದೆ, ಮರ್ತಿಲ್ಲ. ಲಾಗ್ ಬುಕ್ ಇಡಬೇಕು, ಯಾರ ಜೋಡಿ ಎಷ್ಟು ಹೊತ್ತಿಗಿ ಯಾವ ಫ್ರೀಕ್ವೆನ್ಸಿಯಾಗ ಮಾತಾಡಿದ್ರಿ ಅಂತ ಬರೀಬೇಕು. ಹಾಡು ಹಾಕಂಗಿಲ್ಲ, ಧಂದೆ ಮಾತು ಆಡಂಗಿಲ್ಲ, ಗುಪ್ತ ಸಂಕೇತದಾಗ ಮಾತಾಡಂಗಿಲ್ಲ. ತೊಗರಿ ರೇಟು ಇವತ್ತು ಮಂಡಿಯಾಗ ಎಷ್ಟು ನನಗ ಹತ್ತು ಚೀಲ ಕಳಸು ಅಂತ ಹ್ಯಾಮಿನಾಗ ಹೇಳಿದ್ರ ನಿಯಮ ಮುರದಂಗ. ನಿಮ್ಮ ಸೆಟ್ಟು, ನಿಮ್ಮ ಆಂಟೆನಾ, ಇವತ್ತಿನ ಬಿಸಿಲು, ಇಷ್ಟು ಮಾತಾಡ್ರಿ. ಕಲಬುರಗಿ ಬಿಸಿಲಿನ ಬಗ್ಗೆನೇ ಒಂದು ತಾಸು ಮಾತಾಡ್ಬಹುದು ಬಿಡ್ರಿ.

ಮೋರ್ಸಿಗಿ ಬರ್ತೀನಿ, ಇಲ್ಲಿ ನಂದೇ ಕಥಿ ಅದ. ಜನರಲ್ ಪರೀಕ್ಷಿಯಾಗ ನಾನು ಮೊದಲ್ನೇ ಸಲ ಮೋರ್ಸಿನಾಗ ಬಿದ್ದೆ. ತಪ್ಪು ಏನಾಗಿತ್ತು ಅಂದ್ರ ನಾನು ಅದನ್ನ ಚುಕ್ಕಿ ಗೀಟು ಅಂತ ಕಣ್ಣಿನಿಂದ ಕಲ್ತಿದ್ದೆ, ಗೋಡಿಗಿ ಚಾರ್ಟ್ ಹಚ್ಚಿ. ಕಿವಿಗಿ ದನಿ ಬಂದಾಗ ಅದನ್ನ ಮೊದಲು ಚುಕ್ಕಿ ಮಾಡಿ, ಆ ಚುಕ್ಕಿನ ಚಾರ್ಟಿನಾಗ ಹುಡುಕಿ, ಆಮ್ಯಾಲ ಅಕ್ಷರ ಬರಿಯೋದ್ರಾಗ ಮುಂದಿನ ಮೂರು ಅಕ್ಷರ ಹಾರಿ ಹೋಗಿರ್ತಿದ್ದು. ನಿಮಿಷಕ್ಕ 8 ಪದ, ಪದಕ್ಕ 5 ಅಕ್ಷರ ಅಂದ್ರ ಒಂದು ಅಕ್ಷರಕ್ಕ ಒಂದೂವರಿ ಸೆಕೆಂಡ್ ಸಿಗ್ತದ, ಹುಡುಕ್ಲಿಕ್ಕ ಪುರಸತ್ತಿಲ್ಲ.

ಆಮ್ಯಾಲ ಒಂದು ದಿವಸ ನನ್ನ ಮಗಳು ಹೈಸ್ಕೂಲ್ ಕನ್ನಡ ವ್ಯಾಕರಣ ಓದ್ಲಿಕ್ಹತ್ತಿದ್ಳು, ಯಮಾತಾರಾಜಭಾನಸಲಗಂ, ಯಮಾತಾರಾಜಭಾನಸಲಗಂ ಅಂತ. ಸೋಲ್ಡರಿಂಗ್ ಮಾಡ್ತಿದ್ದವನ ಕೈ ಹಂಗೇ ನಿಂತ್ತು. ಲಘು ಅಂದ್ರ ಮೋರ್ಸಿನ ಸಣ್ಣ ದನಿ ಡಿ, ಗುರು ಅಂದ್ರ ಉದ್ದ ದನಿ ಡಾ, ಇಷ್ಟೇ ಅಲ್ವಾ? ಮೂರು ಮೂರು ಕೂಡಿದ್ರ ಎಂಟು ಗಣ, ಮೋರ್ಸಿನಾಗ ಮೂರು ದನಿ ಇರೋ ಅಕ್ಷರಾನೂ ಎಂಟೇ. ಕುಂತು ಹೊಂದಿಸಿದೆ, ಒಂದೂ ಉಳೀಲಿಲ್ಲ. ಯಗಣ ಡಿ ಡಾ ಡಾ, ಅದು ಡಬ್ಲ್ಯೂ. ಮಗಣ ಡಾ ಡಾ ಡಾ, ಅದು ಓ. ತಗಣ ಡಾ ಡಾ ಡಿ, ಜಿ. ರಗಣ ಡಾ ಡಿ ಡಾ, ಕೆ. ಜಗಣ ಡಿ ಡಾ ಡಿ, ಆರ್. ಭಗಣ ಡಾ ಡಿ ಡಿ, ಡಿ. ನಗಣ ಡಿ ಡಿ ಡಿ, ಎಸ್. ಸಗಣ ಡಿ ಡಿ ಡಾ, ಯು. ಎಸ್‌ಓಎಸ್ ಅಂದ್ರ ನಗಣ ಮಗಣ ನಗಣ! ಮಳಖೇಡದ ಕಡೆಯ ಮಂದಿಗಿ ಛಂದಸ್ಸು ಮಂದಿ ಹೇಳಿಕೊಡಬೇಕಾ ಅಂತ ನಾ ಒಬ್ನೇ ನಕ್ಕೆ. ಒಂದು ಫರಕ್ ಅದ, ಛಂದಸ್ಸಿನಾಗ ಗುರು ಎರಡು ಮಾತ್ರಿ, ಮೋರ್ಸಿನಾಗ ಡಾ ಅಂದ್ರ ಡಿಗಿಂತ ಮೂರು ಪಟ್ಟು ಉದ್ದ, ಹಂಗಾಗಿ ಗುರುನ ಜರಾ ಎಳೀಬೇಕು, ಭಜನಿ ಪದ ಎಳದಂಗ. ಎರಡ್ನೇ ಸಲ ಪಾಸಾದೆ. ಇದೇ ದಾರಿ ಎಲ್ಲಾರಿಗೂ ಅಂತ ಹೇಳಂಗಿಲ್ಲ, ದನಿಯಿಂದ ಕಲೀರಿ, ಚಾರ್ಟ್ ಹರದು ಹಾಕ್ರಿ, ಅಷ್ಟೇ. ಕಳಿಸುವಾಗ ಕೆ ಅಂದ್ರ ನಂದು ಮುಗೀತು ಈಗ ನೀ ಹೇಳು ಅಂತ, ಆರ್ ಅಂದ್ರ ನೀ ಹೇಳಿದ್ದು ನನಗ ಮುಟ್ಟಿತು ಅಂತ. ಪ್ರ್ಯಾಕ್ಟೀಸ್ ಮಾಡ್ಲಿಕ್ಕ ಲೈಸೆನ್ಸ್ ಬ್ಯಾಡ, ಬಜರ್ ಒಂದು, ಸೆಲ್ ಒಂದು, ಕಾಲಿಂಗ್ ಬೆಲ್ಲಿನ ಸ್ವಿಚ್ ಒಂದು ಇದ್ರ ಆಯ್ತು, ಗಾಳಿಯಾಗ ಏನೂ ಹೋಗಂಗಿಲ್ಲ.

ಅರ್ಜಿ ಹಾಕೋದು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲಿನಾಗ, ಮನ್ಯಾಗೇ ಕುಂತು. ಏಜೆಂಟ್ ಬ್ಯಾಡ. ಒಬ್ಬ ಹುಡುಗ ನನ್ನ ಮುಂದೇ ಹೇಳಿದ, ಯಾರೋ ಗ್ಯಾರಂಟಿ ಪಾಸ್ ಮಾಡಿಸ್ತೀನಿ ಅಂತ ಸಾವಿರಗಟ್ಟಲೇ ಕೇಳ್ಯಾನಂತ. ಲೈಸೆನ್ಸ್ ಫೀಸೇ 20 ವರ್ಷಕ್ಕ 1000 ರೂಪಾಯಿ, ಜೀವನಪೂರ್ತಿದು ಬೇಕಂದ್ರ 2000, ಅಂಥದ್ರಾಗ ಗ್ಯಾರಂಟಿಗಿ ಸಾವಿರಗಟ್ಟಲೇ ಅಂದ್ರ ಏನ್ ಹೇಳ್ಬೇಕು. ಪರೀಕ್ಷಿ ಸೆಂಟರ್ ಆರಿಸುವಾಗ ನಮ್ಮ ಮಂದಿ ಕರ್ನಾಟಕ ಅಂತ ಬೆಂಗಳೂರೇ ಹಾಕ್ತಾರ, ರಾತ್ರಿಯಿಡೀ ಟ್ರೇನಿನಾಗ ನಿದ್ದಿಗೆಟ್ಟು ಹೋಗಿ ಮುಂಜಾನಿ ಪರೀಕ್ಷಿಗಿ ಕೂಡ್ತಾರ. ಹೈದರಾಬಾದಿನಾಗೂ ಪರೀಕ್ಷಿ ನಡಸ್ತಾರ, ನಮಗ ಅದೇ ಹತ್ರ, ವಾಡಿ ತಾಂಡೂರ ಮ್ಯಾಲಿಂದ ಹಾಯ್ದು ಹೋದ್ರ ಆಯ್ತು. ಬೀದರ್‌ನವರಿಗಂತೂ ಕೇಳೋದೇ ಬ್ಯಾಡ, ಪಕ್ಕದ ಓಣಿ ಇದ್ದಂಗ. ಹ್ಯಾಮ್ ಕಲಿಸ್ಲಿಕ್ಕ ಅಂತನೇ 1983ರಾಗ ಚಾಲೂ ಆದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಇರೋದೂ ಹೈದರಾಬಾದಿನಾಗೇ. ಬೆಂಗಳೂರಿನಾಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಅದ. ಎಷ್ಟು ದಿವಸ ಓದ್ಬೇಕು ಅಂದ್ರ, ಕರೆಂಟಿನ ಕೆಲಸ ಮಾಡೋರಿಗಿ ರಿಸ್ಟ್ರಿಕ್ಟೆಡ್‌ಗಿ ದಿನಾ ಒಂದು ತಾಸಿನಂಗ ಒಂದೂವರಿ ತಿಂಗಳು ಬರೋಬ್ಬರಿ ಸಾಕು, ಆರ್ಟ್ಸ್ ಓದಿದವರಿಗಿ ಮೂರು ತಿಂಗಳು ಇಟ್ಕೋರಿ. ಪ್ರಶ್ನಿಪತ್ರಿಕಿ ಇಂಗ್ಲಿಷಿನಾಗ ಅಂತ ಅಂಜೋರು ಶಬ್ದಗಳನ್ನ ಇಂಗ್ಲಿಷಿನಾಗೇ ಕಲೀರಿ, ಅರ್ಥ ಕನ್ನಡದಾಗ ತಿಳ್ಕೋರಿ. ಇಂಪೀಡೆನ್ಸಿಗಿ ಕನ್ನಡ ಹುಡುಕ್ತಾ ಕುಂತ್ರ ಪರೀಕ್ಷಿ ತಾರೀಖು ದಾಟಿ ಹೋಗ್ತದ.

ಪಾಸಾಯ್ತು ಅಂದ ಕೂಡ್ಲೇ ಮೈಕ್ ಹಿಡಿಬ್ಯಾಡ್ರಿ, ಇಲ್ಲೂ ಭಾಳ ಮಂದಿ ಎಡವ್ತಾರ. ಪರೀಕ್ಷಿ ಪಾಸಾಗೋದು ಒಂದು, ಲೈಸೆನ್ಸ್ ಕಾಲ್‌ಸೈನ್ ಬರೋದು ಇನ್ನೊಂದು, ನಡುವ ಪೊಲೀಸ್ ವೆರಿಫಿಕೇಶನ್ ಅದ. ಡ್ರೈವಿಂಗ್ ಟೆಸ್ಟ್ ಆದ ದಿವಸನೇ ಕಾರ್ಡ್ ಕೈಗಿ ಬರಂಗಿಲ್ಲ ಅಲ್ಲ, ಹಂಗ, ಆದ್ರ ಇದಕ್ಕ ತಿಂಗಳುಗಟ್ಟಲೇ ಹಿಡಿಬಹುದು. ನಮ್ಮ ಮನಿಗಿ ವೆರಿಫಿಕೇಶನ್‌ಗಿ ಬಂದವರು ಚಹಾ ಕುಡೀತಾ, "ಆಕಾಶವಾಣಿ ಚಾಲೂ ಮಾಡ್ತೀರೇನ್ರಿ?" ಅಂತ ಕೇಳಿದ್ರು, ಇಲ್ರೀ ಸಾಹೇಬ್ರ, ನಾಕು ಮಂದಿ ಜೋಡಿ ಬಿಸಿಲಿನ ಸುದ್ದಿ ಮಾತಾಡ್ತೀನಿ ಅಂದೆ, ನಕ್ಕು ಸಹಿ ಮಾಡಿ ಹೋದ್ರು. ಹೆಚ್ಚು ತಡ ಆಗೋದು ಕಾಗದದ ಮ್ಯಾಲ. ನಮ್ಮ ಭಾಗದಾಗ ಒಂದು ವಿಶೇಷ ತಕಲೀಫ್ ಅದ, 2014ರ ನವೆಂಬರ್ ಒಂದರಿಂದ ಊರ ಹೆಸರು ಕಲಬುರಗಿ ಆಯ್ತು, ಹಳೇ ಮಾರ್ಕ್ಸ್‌ಕಾರ್ಡಿನಾಗ ಗುಲಬರ್ಗಾ, ಆಧಾರಿನಾಗ ಕಲಬುರಗಿ, ಇನ್ನೊಂದರಾಗ ಸ್ಪೆಲಿಂಗೇ ಬ್ಯಾರೆ. ಅಡ್ಡಹೆಸರು ಒಂದ್ರಾಗ ಮುಂದ, ಒಂದ್ರಾಗ ಹಿಂದ. ಅರ್ಜಿ ಹಾಕೋಕಿಂತ ಮೊದಲು ಆಧಾರಿನಾಗ ಹೆಸರು, ಹುಟ್ಟಿದ ತಾರೀಖು, ಅಡ್ರೆಸ್ ಮೂರೂ ಒಂದೇ ತೆರನ ಮಾಡಿಸ್ಕೋರಿ.

ಇಷ್ಟೆಲ್ಲಾ ಮಾಡಿ ಏನ್ ಸಿಗ್ತದ, ಮೊಬೈಲ್ ಇಲ್ಲೇನು ಅಂತ ನಮ್ಮಕ್ಕನೇ ಕೇಳಿದ್ಲು. 2004ರ ಡಿಸೆಂಬರ್‌ನಾಗ ಭಾರತಿ ಪ್ರಸಾದ್ ಅನ್ನೋರು, ವಿಯು2ಆರ್‌ಬಿಐ, ಅಂಡಮಾನಿನಾಗ ಹ್ಯಾಮ್ ಸ್ಟೇಷನ್ ಹಾಕ್ಕೊಂಡು ಪೋರ್ಟ್‌ಬ್ಲೇರಿನಾಗಿದ್ರು, ಹವ್ಯಾಸಕ್ಕ ಅಂತ ಹೋಗಿದ್ದು. 26ನೇ ತಾರೀಖು ಸುನಾಮಿ ಬಂತು, ಫೋನೆಲ್ಲಾ ಬಂದ್, ಆಗ ಅವರ ರೇಡಿಯೋದಿಂದನೇ ದ್ವೀಪದ ಸುದ್ದಿ ಹೊರಗ ಬಂತು, ಮಂದಿ ಜೀವಂತ ಇದ್ದಾರೋ ಇಲ್ಲೋ ಅಂತ ಮನಿಯವರಿಗಿ ಮುಟ್ಟಿತು. ನಮ್ಮ ಕಡೆ ಹಿರೇರಿಗಿ 1993ರ ಸಪ್ಟೆಂಬರ್ 30ರ ನಸುಕು ಮರ್ತಿಲ್ಲ, ಮಹಾರಾಷ್ಟ್ರದ ಕಿಲ್ಲಾರಿಯಾಗ ಭೂಕಂಪ ಆದಾಗ ಬೀದರ್, ಕಲಬುರಗಿ ಮಂದಿ ಎಲ್ಲಾ ಅಂಗಳಕ್ಕ ಓಡಿ ಬಂದಿದ್ರು. ಭೀಮಾ ಉಕ್ಕಿ 2020ರಾಗ ಹಳ್ಳಿಗಳ ದಾರಿ ಕಟ್ಟಾದದ್ದಂತೂ ನಿನ್ನೆ ಮೊನ್ನಿದು. ಟವರಿಗಿ ಕರೆಂಟ್ ಹೋದ್ರ ಮೊಬೈಲ್ ಬರೇ ಟಾರ್ಚ್ ಆಗ್ತದ, ಒಂದು ಬೈಕ್ ಬ್ಯಾಟರಿ, ಒಂದು ವೈರು, ಒಂದು ಸೆಟ್ಟು ಇದ್ದವನು ಮಾತ್ರ ಆಗ್ಲೂ ಮಾತಾಡ್ತಾನ.

ಇನ್ನ ಖುಷಿ ಲೆಕ್ಕನೂ ಅದ. ಇಸ್ರೋದವರು ಹ್ಯಾಮ್ ಮಂದಿಗಿ ಅಂತನೇ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ಕ್ಕ ಹಾರಿಸಿದ್ರು, ಅದು 2014ರ ತನಕ ನಡೀತು. ಅಂತರಿಕ್ಷ ನಿಲ್ದಾಣದಿಂದ ಹ್ಯಾಮ್ ದನಿ 145.800 ಮೆಗಾಹರ್ಟ್ಜಿನಾಗ ಬರ್ತದ, 2025ರ ಜುಲೈನಾಗ ಶುಭಾಂಶು ಶುಕ್ಲಾ ಅಲ್ಲಿಂದ ನಮ್ಮ ದೇಶದ ಮಕ್ಕಳ ಜೋಡಿ ಮಾತಾಡಿದ್ದೂ ಹ್ಯಾಮ್ ರೇಡಿಯೋದಾಗೇ. ಸೆಟ್ಟು ತುಟ್ಟಿ ಅನ್ನೋರಿಗಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಮಾಡಿದ ಬಿಟ್‌ಎಕ್ಸ್ ಸರ್ಕ್ಯೂಟ್ ಅದ, ಸಾದಾ ಪಾರ್ಟ್ಸಿನಾಗ ಕಟ್ಟೋ ಹೆಚ್‌ಎಫ್ ಸೆಟ್ಟು, ಜಗತ್ತಿನ ಎಷ್ಟೋ ದೇಶದಾಗ ಮಂದಿ ಅದನ್ನ ಮನ್ಯಾಗ ಕಟ್ಟಿ ಮಾತಾಡ್ತಾರ. ಇದಕ್ಕೆಲ್ಲಾ ರಿಸ್ಟ್ರಿಕ್ಟೆಡ್ ಸಾಕು.

ನಮ್ಮ ಹುಡುಗ ಈಗ ದಿನಾ ಸಂಜಿಕ ಅಂಗಡಿಗಿ ಬರ್ತಾನ, ಅರ್ಜಿ ಹಾಕ್ಯಾನ, ಸೆಂಟರ್ ಹೈದರಾಬಾದ್. ರಿಸ್ಟ್ರಿಕ್ಟೆಡ್‌ಗಿ ಮೋರ್ಸ್ ಬ್ಯಾಡ ಅಂದ್ರೂ ಗಣದ ಚಟ ಹತ್ಯದ, ಗಿರಾಕಿ ಇಲ್ಲದಾಗ ಕೌಂಟರಿನ ಗಾಜಿನ ಮ್ಯಾಲ ಬೆರಳಿಂದ ಬಡೀತಾ ಕೂಡ್ತಾನ. ನಿನ್ನೆ ಮತ್ತ ಗಲ್ಲಾ ಕಡೆ ನೋಡಿ, "ಮಾಮಾ, ಬ್ಯಾಟರಿ ಒಂದ್ಸಲ ಹಾಕಿ ಬರೇ ಕೇಳ್ತೀನಿ, ಮಾತಾಡಂಗಿಲ್ಲ" ಅಂದ. ಕಾಲ್‌ಸೈನ್ ಬರೋ ತನಕ ಬ್ಯಾಟರಿ ಹೊರಗ ಬರಂಗಿಲ್ಲ, ತಿಳೀತಾ ಅಂದೆ. ಮಾತಾಡ್ಲಿಲ್ಲ. ಗಾಜಿನ ಮ್ಯಾಲ ಬೆರಳಿಂದ ಬಡದ, ಡಿ ಡಾ ಡಿ.